ಶರ್ಮನೋ, ವರ್ಮನೋ?

ಮಯೂರ ಅಂದ ಕೂಡಲೇ ನಮಗೆ ನೆನಪಾಗೋದು 1975ರ ಸಿನಿಮಾದ ರಾಜ್‌ಕುಮಾರ್. ಹೆಸರು ಕೇಳಿದರೆ ಮಯೂರವರ್ಮ ಅನ್ನುವವರೇ ಹೆಚ್ಚು. ಆದರೆ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಎದುರಿನ ಕಲ್ಲುಕಂಬದಲ್ಲಿ ಅವನು ಮಯೂರಶರ್ಮ. ಅಲ್ಲಿ ಅವನು ಮೊದಲು ಕಾಣಿಸಿಕೊಳ್ಳುವುದು ರಾಜನಾಗಿ ಅಲ್ಲ, ಊರು ಬಿಟ್ಟು ಓದೋಕೆ ಹೊರಟ ಹುಡುಗನಾಗಿ.

ಮಾನವ್ಯ ಗೋತ್ರದ, ವೇದ ಓದುವ ಮನೆತನ. ಮನೆ ಹತ್ತಿರ ಕದಂಬ ಮರವಿತ್ತು, ಕುಲಕ್ಕೂ ಅದೇ ಹೆಸರಾಯಿತು. ಗುರು ವೀರಶರ್ಮನ ಜೊತೆ ಕಂಚಿಗೆ ಹೋಗಿ ಅಲ್ಲಿನ ಘಟಿಕೆಗೆ ಸೇರಿದ. ನಾಲ್ಕನೇ ಶತಮಾನದಲ್ಲಿ ಅಲ್ಲಿ ಸೀಟು ಸಿಗೋದು ಸಣ್ಣ ಮಾತೇನಲ್ಲ! ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ವಿದ್ಯೆ ಎಷ್ಟಿದ್ದರೇನು, ಬಲ ಇರುವವನ ಎದುರು ಬ್ರಾಹ್ಮಣ ಇಷ್ಟು ದುರ್ಬಲನೇ ಅನ್ನೋ ನೋವು ಅವನನ್ನು ಬಿಡಲಿಲ್ಲ. ದರ್ಭೆ, ಸಮಿತ್ತು ಹಿಡಿದ ಕೈ ಕತ್ತಿ ಹಿಡಿಯಿತು. ಗಡಿ ಕಾಯುವವರನ್ನು ಸೋಲಿಸಿ ಶ್ರೀಪರ್ವತದವರೆಗಿನ ಕಾಡು ಸೇರಿಕೊಂಡ, ಬೃಹದ್ಬಾಣರಿಂದ ಕಪ್ಪ ವಸೂಲಿ ಮಾಡಿದ. ಹಿಡಿಯಲು ಬಂದ ಪಲ್ಲವ ಸೇನೆಯನ್ನು ರಾತ್ರಿ ದಾಳಿಗಳಲ್ಲಿ ಕಂಗೆಡಿಸಿದ. ಕೊನೆಗೆ ಪಲ್ಲವರೇ ರಾಜಿಯಾದರು. ಸುಮಾರು 345ರ ಹೊತ್ತಿಗೆ ಬನವಾಸಿಯಲ್ಲಿ ಕದಂಬ ರಾಜ್ಯ ಶುರುವಾಯಿತು. ಓದು ಮುಗಿಸೋಕೆ ಅವನು ಕಂಚಿಗೆ ವಾಪಸ್ ಹೋಗಲಿಲ್ಲ ಅನ್ನೋದಂತೂ ಸ್ಪಷ್ಟ.

ಸರಿ, ಈ ಶರ್ಮ ವರ್ಮನಾದದ್ದು ಹೇಗೆ? ಮೇಲ್ ಆ್ಯಪ್‌ಗೆ ಕೋಡ್ ಬರೆದವರಿಗೆ ಈ ಪೇಚು ಗೊತ್ತು. ಅಟ್ಯಾಚ್‌ಮೆಂಟ್ ಹೆಸರಿನ ಕೊನೆಯಲ್ಲಿ ಪಿಡಿಎಫ್ ಅಂತಿದ್ದರೆ ಒಳಗಿರೋದು ಪಿಡಿಎಫ್ಫೇ ಆಗಿರಬೇಕಿಲ್ಲ. ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಅದಕ್ಕೇ ಹೆಡರ್ ಓದಬೇಕು: ಕಂಟೆಂಟ್-ಟೈಪ್ ಬಗೆ ಹೇಳುತ್ತೆ, ಟ್ರಾನ್ಸ್‌ಫರ್-ಎನ್‌ಕೋಡಿಂಗ್ ಬಿಡಿಸುವ ವಿಧಾನ ಹೇಳುತ್ತೆ. ಆದರೆ ಹೆಡರ್ ಬರೆದವನೂ ಕಳಿಸಿದವನೇ. ಹಾಗಾಗಿ ಒಳಗಿನ ಮೊದಲ ಬೈಟ್‌ಗಳನ್ನೂ ನೋಡದೆ ಫೈಲ್ ತೆರೆಯಬಾರದು.

ತಾಳಗುಂದದ ಕಂಬವನ್ನೂ ಹಾಗೇ ಓದಿ ನೋಡಿ. ಭಾಷೆ ಸಂಸ್ಕೃತ, ಲಿಪಿ ನಮ್ಮ ಕನ್ನಡ ಲಿಪಿಯ ಹಳೆಯ ರೂಪ. ಎಂಟು ಮುಖದ ಕಂಬದಲ್ಲಿ ಸಾಲುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ; ಇದು ಗೊತ್ತಿಲ್ಲದೆ ಪಾರ್ಸರ್ ಬರೆದರೆ ಕೆಟ್ಟಿರಿ! ಬರೆದವನು ಕವಿ ಕುಬ್ಜ, ಬರೆಸಿದವನು ಶಾಂತಿವರ್ಮ. ವಿಷಯ, ಅವನ ತಂದೆ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಮಯೂರನ ಕಥೆ ಇದಕ್ಕೆ ಅಂಟಿಸಿದ ಅಟ್ಯಾಚ್‌ಮೆಂಟ್ ಅಷ್ಟೇ, ಅದೂ ಸುಮಾರು ನೂರು ವರ್ಷ ತಡವಾಗಿ ಬಂದದ್ದು.

ಕಳಿಸಿದವರು ಮಯೂರನ ವಂಶದವರೇ, ಆದ್ದರಿಂದ ಹೊಗಳಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಬೇಕು. ಹೆಸರಿನ ಮಟ್ಟಿಗೆ ಮಾತ್ರ ನಾನು ಕುಬ್ಜನನ್ನು ನಂಬುತ್ತೇನೆ. ಮಯೂರನ ಮಗ ಕಂಗವರ್ಮನಿಂದ ಹಿಡಿದು ಹೆಚ್ಚಿನವರು ವರ್ಮರೇ. ಮೂಲಪುರುಷನಿಗೂ ಅದನ್ನೇ ಅಂಟಿಸುವುದು ಕುಬ್ಜನಿಗೆ ಸುಲಭವಿತ್ತು, ಆದರೂ ಅವನು ಶರ್ಮ ಅಂತಲೇ ಕೆತ್ತಿದ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲೂ, ಅಲ್ಲಿನ ಕೆರೆಯ ಶಾಸನದಲ್ಲಿ, ಇರುವ ಹೆಸರು ಮಯೂರಶರ್ಮ.