ಸತ್ಯೇಂದ್ರನಾಥ ಬೋಸ್: ‘ದೇವಕಣ’ ಕಂಡುಹಿಡಿದವರಲ್ಲ, ಹಾಗಾದರೆ ಅವರು ಮಾಡಿದ್ದೇನು?

ದೇವಕಣ ಕಂಡುಹಿಡಿದದ್ದು ನಮ್ಮ ಬೋಸ್, ನೊಬೆಲ್ ಮಾತ್ರ ವಿದೇಶಿಯರಿಗೆ ಹೋಯಿತು ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದು ತಪ್ಪು. ಹಿಗ್ಸ್ ಬೋಸಾನ್ ಪತ್ತೆಯಾದದ್ದು 2012ರಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ. ಬೋಸ್ ತೀರಿಕೊಂಡದ್ದು 1974ರಲ್ಲಿ. ‘ಬೋಸಾನ್’ ಎಂಬುದು ಕಣಗಳ ಒಂದು ಇಡೀ ಜಾತಿಗೆ, ಬೋಸ್ ನೆನಪಿನಲ್ಲಿ, ವಿಜ್ಞಾನಿ ಡಿರಾಕ್ ಇಟ್ಟ ಹೆಸರು. ಬೆಳಕಿನ ಕಣವೂ ಅದೇ ಜಾತಿಯದು.

ಬೋಸ್ ಹುಟ್ಟಿದ್ದು 1894ರ ಜನವರಿ 1ರಂದು, ಕೋಲ್ಕತ್ತದಲ್ಲಿ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದರು. ಪಿಎಚ್‌ಡಿ ಇರಲಿಲ್ಲ. ಬೆಳಕಿನ ಕಣಗಳನ್ನು ಎಣಿಸುವ ಹೊಸ ಲೆಕ್ಕವೊಂದನ್ನು ಬರೆದು, ಮುಖ ಪರಿಚಯವೂ ಇಲ್ಲದ ಐನ್‌ಸ್ಟೀನ್‌ಗೆ ಅಂಚೆಯಲ್ಲಿ ಕಳಿಸಿದರು. ತಿರುಳು ಇಷ್ಟೇ: ಈ ಕಣಗಳು ಒಂದನ್ನೊಂದು ಬೇರೆ ಎಂದು ಗುರುತಿಸಲಾಗದಷ್ಟು ಸಮ, ಎರಡು ಕಣ ಅದಲುಬದಲಾದರೂ ಅದನ್ನು ಹೊಸ ಜೋಡಣೆ ಎಂದು ಎಣಿಸಬಾರದು. ಐನ್‌ಸ್ಟೀನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚಾಗಿಸಿದರು. ಮುಂದೆ ಅದೇ ಲೆಕ್ಕವನ್ನು ಪರಮಾಣುಗಳಿಗೂ ಹಚ್ಚಿದರು. ತೀರಾ ತಣ್ಣಗಾದಾಗ ಬೋಸಾನ್ ಜಾತಿಯ ಪರಮಾಣುಗಳು ಗುಂಪಾಗಿ ಒಂದೇ ಸ್ಥಿತಿಗೆ ಇಳಿಯುತ್ತವೆ ಎಂಬ ಉತ್ತರ ಬಂತು.

ಬೋಸ್ ಆಮೇಲೆ ಎಸ್ರಾಜ್ ನುಡಿಸಿದರು, ಪಾಠ ಹೇಳಿದರು, ಬಂಗಾಳಿಯಲ್ಲಿ ವಿಜ್ಞಾನ ಬರೆಯಿಸಲು 1948ರಲ್ಲಿ ಪರಿಷತ್ತು ಕಟ್ಟಿದರು. ಆ ತಣ್ಣನೆಯ ಗುಂಪನ್ನು ಕಣ್ಣಾರೆ ಕಾಣಲಿಲ್ಲ.

ಅದು ಸಿಕ್ಕಿದ್ದು 1995ರಲ್ಲಿ, ಅಮೆರಿಕದ ಬೌಲ್ಡರ್‌ನಲ್ಲಿ. ಮೈನಸ್ 273 ಡಿಗ್ರಿಯ ನಿರಪೇಕ್ಷ ಶೂನ್ಯಕ್ಕೆ ಕೂದಲೆಳೆಯಷ್ಟು ಹತ್ತಿರ, ಸುಮಾರು 2000 ರುಬಿಡಿಯಂ-87 ಪರಮಾಣುಗಳು. ಆದರೆ ರುಬಿಡಿಯಂ-85 ಮಾತ್ರ ಹಟಮಾರಿ. ಅದರ ಪರಮಾಣುಗಳು ಡಿಕ್ಕಿಯಾದಾಗ ಒಂದನ್ನೊಂದು ಸೆಳೆಯುವುದರಿಂದ ದೊಡ್ಡ ಗುಂಪು ನಿಲ್ಲುವುದಿಲ್ಲ.

ಇಲ್ಲಿ ನೆರವಾದದ್ದು ಅಯಸ್ಕಾಂತ. ರುಬಿಡಿಯಂನ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವೇ. ಡಿಕ್ಕಿಯ ಹೊತ್ತಿನಲ್ಲಿ ಎರಡು ಪರಮಾಣುಗಳು ಕ್ಷಣಕಾಲ ಜೋಡಿಯಾಗಬಲ್ಲವು. ಆ ಜೋಡಿಯ ಶಕ್ತಿಯನ್ನು ಕಾಂತಕ್ಷೇತ್ರ ಏರಿಸಿ ಇಳಿಸುತ್ತದೆ. ಡಿಕ್ಕಿಯ ಶಕ್ತಿಯೂ ಜೋಡಿಯ ಶಕ್ತಿಯೂ ಸರಿಹೊಂದುವ ಆಸುಪಾಸಿನಲ್ಲಿ ಸೆಳೆತ ವಿಕರ್ಷಣೆಯಾಗಿ ತಿರುಗುತ್ತದೆ. ರೇಡಿಯೊದಲ್ಲಿ ಸ್ಟೇಷನ್ ಹುಡುಕಿದಂತೆ ಎನ್ನಿ. ಇದಕ್ಕೆ ಫೆಶ್‌ಬಾಕ್ ಅನುರಣನ ಎಂದು ಹೆಸರು. ರುಬಿಡಿಯಂ-85ಕ್ಕೆ ಆ ಬಿಂದು ಸುಮಾರು 155 ಗಾಸ್.

ಹೀಗೆ 2000ದಲ್ಲಿ ಆ ಗುಂಪೂ ಸಿದ್ಧವಾಯಿತು. ಬಳಿಕ ಕ್ಷೇತ್ರವನ್ನು ತಟ್ಟನೆ ಸೆಳೆತದ ಕಡೆಗೆ ತಿರುಗಿಸಿದಾಗ ಗುಂಪು ಕುಸಿದು, ಪುಟ್ಟ ನಕ್ಷತ್ರದಂತೆ ಸಿಡಿಯಿತು. ಆ ಸಿಡಿತಕ್ಕೆ ಇಟ್ಟ ಹೆಸರು ‘ಬೋಸೆನೋವಾ’.

1995ರ ಸಾಧನೆಗೆ 2001ರಲ್ಲಿ ಕಾರ್ನೆಲ್, ವೀಮನ್, ಕೆಟರ್ಲೆ ಮೂವರಿಗೆ ನೊಬೆಲ್ ಬಂತು. ಬೋಸ್ ಹೆಸರು ನೊಬೆಲ್‌ಗೆ ಸೂಚಿತವಾಗಿದ್ದರೂ ಬರಲಿಲ್ಲ. ಫಾರ್ವರ್ಡ್ ಸಂದೇಶದ ಆ ಭಾಗ ಮಾತ್ರ ನಿಜ.