ಬೆರ್ತಾ ಬೆಂಜ್: ಕೆಟ್ಟು ನಿಂತ ಗಾಡಿಯ ಕಾಯಿಲೆ ಹಿಡಿದ ಗೃಹಿಣಿ



ರಸ್ತೆಯ ಬದಿಯಲ್ಲಿ ಬಾನೆಟ್ಟು ಎತ್ತಿ ನಿಂತ ಕಾರನ್ನು ನೀವೆಲ್ಲ ಕಂಡವರೇ. ಕ್ಷಣದಲ್ಲಿ ನಾಲ್ಕು ಜನ ಕೂಡುತ್ತಾರೆ. ಬ್ಯಾಟರಿ ಹೋಗಿದೆ ಎನ್ನುವವನೊಬ್ಬ, ಪೆಟ್ರೋಲಿನಲ್ಲಿ ಕಸ ಸಿಕ್ಕಿದೆ ಎನ್ನುವವನೊಬ್ಬ, ಸುಮ್ಮನೆ ತಳ್ಳೋಣ ಎನ್ನುವವನು ಮತ್ತೊಬ್ಬ. ಕೊನೆಗೆ ಮೆಕ್ಯಾನಿಕ್ ಬರುತ್ತಾನೆ. ಆದರೆ ಕರೆಯುವುದಕ್ಕೆ ಮೆಕ್ಯಾನಿಕ್ಕೇ ಇಲ್ಲದ, ಪೆಟ್ರೋಲು ಬಂಕೇ ಇಲ್ಲದ, ಮೋಟಾರು ಎಂದರೇನೆಂದು ಊರವರಿಗೇ ತಿಳಿಯದ ಕಾಲದಲ್ಲಿ ಗಾಡಿ ಕೆಟ್ಟು ನಿಂತರೆ ಗತಿಯೇನು? 1888ರಲ್ಲಿ ಜರ್ಮನಿಯ ದಾರಿಯೊಂದರಲ್ಲಿ ಇಂಥ ಪ್ರಸಂಗ ಒಂದೇ ದಿನದಲ್ಲಿ ಹಲವು ಸಲ ಎದುರಾಯಿತು. ಎದುರಿಸಿದವಳು ಇಬ್ಬರು ಹುಡುಗರ ತಾಯಿ. ಆಕೆಯ ಹೆಸರು ಬೆರ್ತಾ ಬೆಂಜ್.

ಬೆರ್ತಾ ಹುಟ್ಟಿದ್ದು 1849ನೇ ಇಸವಿ ಮೇ 3ರಂದು, ಫೋರ್ಜ್‌ಹೈಮ್ ಎಂಬ ಪಟ್ಟಣದಲ್ಲಿ. ಚಿನ್ನದ ಒಡವೆಗಳ ಕೆಲಸಕ್ಕೆ ಹೆಸರಾದ ಊರು ಅದು. ತಂದೆ ಕಾರ್ಲ್ ಫ್ರೀಡ್ರಿಕ್ ರಿಂಗರ್ ಬಡಗಿ ಕೆಲಸದಿಂದ ಮೇಲೆ ಬಂದು ಕಟ್ಟಡಗಳ ಗುತ್ತಿಗೆಯಲ್ಲಿ ಹಣ ಕೂಡಿಸಿದವನು. ಈ ಮಗು ಹುಟ್ಟಿದಾಗ ಮತ್ತೊಮ್ಮೆ ಹೆಣ್ಣಾಯಿತಲ್ಲ ಎಂಬ ಬೇಸರವನ್ನು ತಂದೆ ಮನೆಯ ಬೈಬಲ್ ಪುಸ್ತಕದಲ್ಲಿ ಗುರುತು ಹಾಕಿದ್ದನೆಂದೂ, ಮುಂದೆ ಬಾಲಕಿ ಬೆರ್ತಾ ಅದನ್ನು ಕಂಡು ನೊಂದುಕೊಂಡಳೆಂದೂ ಹೇಳುತ್ತಾರೆ. ನಿಜವೋ ಕಟ್ಟುಕತೆಯೋ, ಆ ಕಾಲದ ಮನಸ್ಸಿಗೆ ಅದು ಒಪ್ಪುವ ಮಾತು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿತ್ತು. ಬೆರ್ತಾ ಓದಿದ್ದು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ. ಯಂತ್ರಶಾಸ್ತ್ರದ ಪಾಠವನ್ನು ಯಾರೂ ಆಕೆಗೆ ಹೇಳಿಕೊಡಲಿಲ್ಲ.

1869ರಲ್ಲಿ ಆಕೆಗೆ ಕಾರ್ಲ್ ಬೆಂಜ್ ಎಂಬ ತರುಣ ಎಂಜಿನಿಯರನ ಪರಿಚಯವಾಯಿತು. ರೈಲು ಎಂಜಿನ್ ಓಡಿಸುತ್ತಿದ್ದ ತಂದೆಯನ್ನು ಎರಡು ವರ್ಷದ ಕೂಸಾಗಿದ್ದಾಗಲೇ ಕಳೆದುಕೊಂಡವನು ಆತ. ತಾಯಿ ಕಷ್ಟಪಟ್ಟು ಕಾರ್ಲ್ಸ್‌ರೂಹೆಯ ಪಾಲಿಟೆಕ್ನಿಕ್ಕಿನಲ್ಲಿ ಓದಿಸಿದ್ದಳು. ತಲೆಯ ತುಂಬ ಕುದುರೆಯಿಲ್ಲದೆ ಓಡುವ ಗಾಡಿಯ ಕನಸು, ಕೈಯಲ್ಲಿ ಕಾಸಿಲ್ಲ. 1871ರಲ್ಲಿ ಆತ ಪಾಲುದಾರನೊಬ್ಬನೊಡನೆ ಮಾನ್‌ಹೈಮ್ ನಗರದಲ್ಲಿ ಕಬ್ಬಿಣದ ಕಾರ್ಖಾನೆ ತೆರೆದನು. ಪಾಲುದಾರ ನಂಬಿಕೆಗೆ ತಕ್ಕವನಾಗಲಿಲ್ಲ. ಆಗ ಬೆರ್ತಾ ಮಾಡಿದ ಕೆಲಸವನ್ನು ಗಮನಿಸಬೇಕು. ಮದುವೆಯಲ್ಲಿ ತನಗೆ ಬರಬೇಕಾಗಿದ್ದ ವರದಕ್ಷಿಣೆಯ ಹಣವನ್ನು ಮದುವೆಗೆ ಮುಂಚೆಯೇ ತಂದೆಯಿಂದ ಕೇಳಿ ಪಡೆದು, ಆ ಪಾಲುದಾರನ ಪಾಲನ್ನು ಕೊಳ್ಳಲು ಕೊಟ್ಟಳು. 1872ರ ಜುಲೈ 20ರಂದು ಮದುವೆಯಾಯಿತು. ವರದಕ್ಷಿಣೆ ಎಂಬ ಪದ್ಧತಿಯನ್ನು ನಾವು ಬಯ್ಯುತ್ತೇವೆ, ಬಯ್ಯಲೇಬೇಕು; ಈ ಒಂದು ವರದಕ್ಷಿಣೆ ಮಾತ್ರ ಮೋಟಾರು ಕಾರಿನ ಬುನಾದಿಗೆ ಬಿದ್ದ ಕಲ್ಲಾಯಿತು.

ಮುಂದಿನ ಹತ್ತು ವರ್ಷ ಸುಖದ ವರ್ಷಗಳಲ್ಲ. ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು, ಕಾರ್ಖಾನೆ ಮುಚ್ಚುವ ಸ್ಥಿತಿಗೆ ಬಂದಿತು. ಆಗ ನಾಲ್ಕು ಹೊಡೆತದ ಎಂಜಿನ್ನಿನ ಹಕ್ಕು ಆಟೋ ಎಂಬುವನ ಹೆಸರಿನಲ್ಲಿದ್ದುದರಿಂದ ಕಾರ್ಲ್ ಎರಡು ಹೊಡೆತದ ಎಂಜಿನ್ನಿನ ಬೆನ್ನು ಹತ್ತಿದ್ದನು. 1879ರ ಕೊನೆಯ ರಾತ್ರಿ. ಪ್ರಯತ್ನಗಳೆಲ್ಲ ಸೋತು ಗಂಡ ಮಂಕಾಗಿ ಕುಳಿತಿದ್ದಾನೆ. ಊಟವಾದ ಮೇಲೆ ಬೆರ್ತಾಳೇ ಆತನನ್ನು ಎಬ್ಬಿಸಿ, ಇನ್ನೊಮ್ಮೆ ನೋಡೋಣವೆಂದು ಕಾರ್ಖಾನೆಗೆ ಕರೆದೊಯ್ದಳು. ಆ ರಾತ್ರಿ ಎಂಜಿನ್ ನಿಲ್ಲದೆ ಓಡಿತು. ಊರಿನ ಚರ್ಚುಗಳ ಗಂಟೆಗಳು ಹೊಸ ವರ್ಷವನ್ನು ಸಾರುವ ಹೊತ್ತಿಗೆ ಗಂಡ ಹೆಂಡಿರಿಬ್ಬರೂ ಅದರ ಸದ್ದನ್ನು ಕೇಳುತ್ತ ನಿಂತಿದ್ದರು.

ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ಎಂಜಿನ್ನಿನ ಕಾಯಿಲೆಯನ್ನು ಕಂಡುಹಿಡಿಯಬೇಕಾದರೆ ಅದು ಆರೋಗ್ಯವಾಗಿದ್ದಾಗ ಹೇಗೆ ಸದ್ದು ಮಾಡುತ್ತದೆ ಎಂಬುದು ಮೊದಲು ಕಿವಿಗೆ ಗೊತ್ತಿರಬೇಕು. ತಾಯಿಗೆ ಮಗುವಿನ ಅಳುವಿನಲ್ಲಿ ಹಸಿವಿನ ಅಳು ಯಾವುದು, ಹೊಟ್ಟೆನೋವಿನ ಅಳು ಯಾವುದು ಎಂದು ತಿಳಿಯುವುದಿಲ್ಲವೇ? ವರ್ಷಗಟ್ಟಲೆ ಆ ಯಂತ್ರದ ಪಕ್ಕದಲ್ಲೇ ಬಾಳಿದ ಬೆರ್ತಾಳಿಗೆ ಅದರ ಅಳುವೂ ನಗುವೂ ತಿಳಿದಿದ್ದವು.

1883ರಲ್ಲಿ ಹೊಸ ಪಾಲುದಾರರು ಸೇರಿ ಬೆಂಜ್ ಕಂಪೆನಿ ಸ್ಥಾಪನೆಯಾಯಿತು. 1886ರ ಜನವರಿ 29ರಂದು ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟು ಬೇಡಿದನು; ಅದರ ಸಂಖ್ಯೆ 37435. ಮೂರು ಚಕ್ರ, ಹಿಂದುಗಡೆ ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನ್, ಮುಕ್ಕಾಲು ಕುದುರೆಯ ಬಲ, ಗಂಟೆಗೆ ಹೆಚ್ಚೆಂದರೆ 16 ಕಿಲೋಮೀಟರ್ ವೇಗ. ಪೇಟೆಂಟಿನಲ್ಲಿ ಹಣ ಕೊಟ್ಟವಳ ಹೆಸರಿಲ್ಲ. ಗಾಡಿಯೇನೋ ಓಡಿತು, ಪತ್ರಿಕೆಗಳಲ್ಲಿ ಸುದ್ದಿಯೂ ಬಂದಿತು. ಕೊಳ್ಳುವವರು ಮಾತ್ರ ಬರಲಿಲ್ಲ. ಕಾರ್ಲ್ ಅತಿ ಎಚ್ಚರದ ಮನುಷ್ಯ. ಇದನ್ನು ಇನ್ನೂ ತಿದ್ದಬೇಕು, ಅದನ್ನು ಇನ್ನೂ ಸರಿಮಾಡಬೇಕು ಎಂದು ಊರ ಸುತ್ತಮುತ್ತಲೇ ಓಡಿಸಿ ನೋಡುತ್ತಿದ್ದನು. ಹೀಗೇ ಬಿಟ್ಟರೆ ತವರಿನ ಹಣ, ಹದಿನಾರು ವರ್ಷದ ದುಡಿಮೆ, ಎಲ್ಲವೂ ನೀರಿಗೆ ಹಾಕಿದ ಹೋಮವಾಗುತ್ತದೆಂದು ಬೆರ್ತಾಳಿಗೆ ಕಂಡಿತು.

1888ರ ಆಗಸ್ಟ್ ತಿಂಗಳ ಮೊದಲ ದಿನಗಳು. ಮಕ್ಕಳಿಗೆ ಶಾಲೆಯ ರಜೆ. ಒಂದು ಬೆಳಗಿನ ಜಾವ, ಕಾರ್ಲ್ ಇನ್ನೂ ನಿದ್ರೆಯಲ್ಲಿರುವಾಗ, ಬೆರ್ತಾಳೂ 15 ವರ್ಷದ ಆಯ್‌ಗನ್ ಮತ್ತು 13 ವರ್ಷದ ರಿಚರ್ಡ್ ಎಂಬ ಮಕ್ಕಳೂ ಗಾಡಿಯನ್ನು ಸದ್ದಿಲ್ಲದೆ ಹೊರಕ್ಕೆ ತಂದರು. ಹೋಗಬೇಕಾದದ್ದು ಫೋರ್ಜ್‌ಹೈಮಿಗೆ, ಅಂದರೆ ಆಕೆಯ ತವರಿಗೆ. ದೂರ 100 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅದುವರೆಗೆ ಯಾವ ಮೋಟಾರು ಗಾಡಿಯೂ ಅಷ್ಟು ದೂರ ಹೋಗಿರಲಿಲ್ಲ. ದಾರಿಯೆಂದರೆ ಎತ್ತು ಕುದುರೆಗಳ ಬಂಡಿ ಸವೆಸಿದ ಮಣ್ಣಿನ ದಾರಿ.

ಕನ್ನಡ ಪಾಠ ಮಾಡುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ನಮ್ಮ ವಿಜ್ಞಾನದ ಉಪಾಧ್ಯಾಯರು ನಗಬಹುದು. ಆದರೂ ಇಲ್ಲಿ ನಾಲ್ಕು ಮಾತು ಹೇಳದೆ ಕತೆ ಮುಂದೆ ಸಾಗದು. ಎಂಜಿನ್ ಓಡಬೇಕಾದರೆ ಇಂಧನದ ಆವಿ ಗಾಳಿಯೊಡನೆ ಹದವಾಗಿ ಬೆರೆತು ಸಿಲಿಂಡರಿಗೆ ಹೋಗಬೇಕು. ಪಿಸ್ಟನ್ ಅದನ್ನು ಬಿಗಿಯಾಗಿ ಒತ್ತಬೇಕು. ಒತ್ತಿದ ಹೊತ್ತಿಗೆ ಸರಿಯಾಗಿ ವಿದ್ಯುತ್ತಿನ ಕಿಡಿ ಹಾರಬೇಕು. ಹುಟ್ಟಿದ ಬಿಸಿಯನ್ನು ನೀರು ಹೊತ್ತೊಯ್ಯಬೇಕು. ಎಂಜಿನ್ ನಿಂತಿತೆಂದರೆ ಇವುಗಳಲ್ಲಿ ಒಂದು ತಪ್ಪಿದೆ ಎಂದೇ ಅರ್ಥ. ಯಾವುದು ತಪ್ಪಿದೆ ಎಂದು ಒಂದೊಂದಾಗಿ ಕೇಳುತ್ತ ಹೋಗುವುದೇ ರೋಗಪರೀಕ್ಷೆ. ದೀಪ ಆರಿದಂತೆ ಥಟ್ಟನೆ ನಿಂತರೆ ಮೊದಲ ಅನುಮಾನ ಕಿಡಿಯ ಮೇಲೆ. ಕೆಮ್ಮುತ್ತ, ಮುಗ್ಗರಿಸುತ್ತ, ಬಲಗುಂದಿ ನಿಂತರೆ ಅನುಮಾನ ಇಂಧನದ ಮೇಲೆ. ಅನುಭವಿಗಳ ಲೆಕ್ಕ ಇಂದಿಗೂ ಹೆಚ್ಚುಕಡಿಮೆ ಇದೇ.

ಬೆರ್ತಾಳ ಗಾಡಿ ಈ ಎರಡು ಬಗೆಯ ಕಾಯಿಲೆಗಳಿಗೂ ತುತ್ತಾಯಿತು. ಒಮ್ಮೆ ಇಂಧನದ ಸಣ್ಣ ಕೊಳವೆಯಲ್ಲಿ ಕಸ ಕಟ್ಟಿಕೊಂಡಿತು. ಆಗಿನ ಹೆಂಗಸರು ಟೋಪಿ ಗಾಳಿಗೆ ಹಾರದಂತೆ ಕೂದಲಿಗೆ ಸಿಕ್ಕಿಸುತ್ತಿದ್ದ ಉದ್ದನೆಯ ಸೂಜಿಯನ್ನು ತೆಗೆದು ಆಕೆ ಕೊಳವೆಯನ್ನು ಚುಚ್ಚಿ ಬಿಡಿಸಿದಳು. ಇನ್ನೊಮ್ಮೆ ಕಿಡಿಗೆ ವಿದ್ಯುತ್ತನ್ನು ಒಯ್ಯುವ ತಂತಿಯ ಹೊದಿಕೆ ಉಜ್ಜಿ ಸವೆದು, ವಿದ್ಯುತ್ತು ಕಿಡಿಯ ಬಾಯಿಗೆ ಹೋಗದೆ ನಡುವೆಯೇ ಸೋರಿಹೋಗತೊಡಗಿತು. ಕಾಲುಚೀಲ ಜಾರದಂತೆ ಬಿಗಿಯುವ ತನ್ನ ಪಟ್ಟಿಯನ್ನೇ ಬಿಚ್ಚಿ ಆಕೆ ಆ ತಂತಿಗೆ ಸುತ್ತಿದಳು. ಎಂಜಿನ್ ಮತ್ತೆ ಓಡಿತು. ಸೂಜಿಯ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚೆನಿಸುವುದು ಅದಕ್ಕಿಂತ ಹಿಂದಿನ ಹೆಜ್ಜೆ: ಅಷ್ಟು ಭಾಗಗಳ ನಡುವೆ ಕೊಳವೆಯಲ್ಲೇ ತೊಂದರೆ, ತಂತಿಯಲ್ಲೇ ತೊಂದರೆ ಎಂದು ಆಕೆ ತೀರ್ಮಾನಿಸಿದ್ದು. ಕೈಗೆ ಸಿಕ್ಕ ಸೂಜಿಯನ್ನು ಎಲ್ಲಿ ಚುಚ್ಚಬೇಕೆಂದು ತಿಳಿಯದಿದ್ದರೆ ಸೂಜಿ ಇದ್ದೇನು ಫಲ?

ಇಂಧನವೂ ಮುಗಿಯುತ್ತ ಬಂದಿತು. ಲಿಗ್ರೋಯಿನ್ ಎಂಬ ತೆಳುವಾದ ಎಣ್ಣೆಯಿಂದ ಆ ಗಾಡಿ ಓಡುತ್ತಿತ್ತು. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಅದು ದೊರೆಯುತ್ತಿದ್ದುದು ಔಷಧದ ಅಂಗಡಿಗಳಲ್ಲಿ. ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಬೆರ್ತಾ ಲಿಗ್ರೋಯಿನ್ ಕೊಂಡಳು. ಜಗತ್ತಿನ ಮೊದಲ ಪೆಟ್ರೋಲು ಬಂಕು ಅದೇ ಎಂದು ಇಂದು ಆ ಊರಿನವರು ಹೆಮ್ಮೆಪಡುತ್ತಾರೆ.

ನೀರಿನ ಕಾಟ ಇನ್ನೂ ಹೆಚ್ಚಿನದು. ಇಂದಿನಂತೆ ನೀರು ಸುತ್ತಿ ಬಂದು ತಣಿಯುವ ರೇಡಿಯೇಟರ್ ಆಗ ಇರಲಿಲ್ಲ. ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನೂ ತುಂಬುತ್ತಿರಬೇಕು. ದಾರಿಯುದ್ದಕ್ಕೂ ಬಾವಿ, ಹಳ್ಳ, ಛತ್ರ ಕಂಡಲ್ಲೆಲ್ಲ ನಿಲ್ಲಿಸಿ ಹುಡುಗರು ನೀರು ಹೊತ್ತರು. ಚಕ್ರಕ್ಕೆ ಬಲ ಕೊಡುವ ಸರಪಳಿ ಸಡಿಲವಾದಾಗ ಬ್ರುಕ್‌ಸಾಲ್‌ನಲ್ಲಿ ಒಬ್ಬ ಕಮ್ಮಾರನಿಂದ ರಿಪೇರಿ ಮಾಡಿಸಿದರು. ಏರಿನಲ್ಲಿ ಎಂಜಿನ್ನಿಗೆ ಬಲ ಸಾಲದು. ಒಬ್ಬರು ಚುಕ್ಕಾಣಿ ಹಿಡಿದರೆ ಉಳಿದಿಬ್ಬರು ಇಳಿದು ತಳ್ಳಬೇಕು. ಇಳಿಜಾರಿನಲ್ಲಿ ಭಯ ಬೇರೆ ಬಗೆಯದು, ಏಕೆಂದರೆ ಬ್ರೇಕಿನ ಕಟ್ಟೆಗಳು ಸವೆದುಹೋಗಿದ್ದವು. ಇದಕ್ಕೂ ಆಕೆಯೇ ಮದ್ದು ಹುಡುಕಿದಳು. ಚಮ್ಮಾರನೊಬ್ಬನಿಂದ ಆ ಕಟ್ಟೆಗಳಿಗೆ ಚರ್ಮ ಹೊಡೆಸಿದಳು. ಬ್ರೇಕಿಗೆ ಲೈನಿಂಗ್ ಹಾಕುವ ಪದ್ಧತಿ ಇಲ್ಲಿಂದ ಆರಂಭವಾಯಿತೆಂದು ಮೋಟಾರಿನ ಇತಿಹಾಸ ಬರೆಯುವವರು ಹೇಳುತ್ತಾರೆ.

ಕತ್ತಲಾಗುವ ಹೊತ್ತಿಗೆ ಮೂವರೂ ಧೂಳು ಮೆತ್ತಿದ ಮೈಯಲ್ಲಿ ಫೋರ್ಜ್‌ಹೈಮ್ ತಲುಪಿ ಕಾರ್ಲನಿಗೆ ತಂತಿ ಕಳುಹಿಸಿದರು. ಕೆಲವು ದಿನ ಅಲ್ಲಿದ್ದು, ಬೇರೊಂದು ದಾರಿಯಿಂದ ಅದೇ ಗಾಡಿಯಲ್ಲಿ ಮಾನ್‌ಹೈಮಿಗೆ ಹಿಂದಿರುಗಿದರು.

ಬಂದವರು ಬರಿಗೈಯಲ್ಲಿ ಬರಲಿಲ್ಲ. ಎಲ್ಲೆಲ್ಲಿ ಗಾಡಿ ಸೋತಿತು, ಏಕೆ ಸೋತಿತು ಎಂಬ ಪೂರ್ಣ ವರದಿ ಅವರೊಂದಿಗಿತ್ತು. ಏರು ಹತ್ತಲು ಇನ್ನೊಂದು ಗೇರು ಬೇಕೆಂಬುದು ಅದರಲ್ಲಿ ಮುಖ್ಯವಾದದ್ದು. ಕಾರ್ಲ್ ಅದನ್ನು ಒಪ್ಪಿ ಗಾಡಿಯಲ್ಲಿ ಅಳವಡಿಸಿದನು. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಬಂದಿತು. ಮೆಲ್ಲಮೆಲ್ಲನೆ ಕೊಳ್ಳುವವರು ಬಂದರು, ಮೊದಲಿಗೆ ಫ್ರಾನ್ಸಿನಿಂದ. 1899ರಲ್ಲಿ ಕಂಪೆನಿ ಒಂದೇ ವರ್ಷಕ್ಕೆ 572 ಗಾಡಿಗಳನ್ನು ತಯಾರಿಸುವಷ್ಟು ಬೆಳೆದಿತ್ತು.

ಇಂದಿನ ಕಾರು ತುಂಬ ಬದಲಾಗಿದೆ. ಕಾರ್ಬುರೇಟರು ಹೋಗಿ ಕಂಪ್ಯೂಟರು ಬಂದಿದೆ. ತೊಂದರೆಯಾದರೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಮುಂದೆ ಉರಿಯುತ್ತದೆ. ಆದರೂ ಬೆರ್ತಾ ಕೇಳಿಕೊಂಡ ಪ್ರಶ್ನೆಗಳು ಹಳತಾಗಿಲ್ಲ. ಕೀಲಿ ತಿರುಗಿಸಿದಾಗ ಬರಿಯ ಟಕ್ ಟಕ್ ಸದ್ದು ಬಂದು ಎಂಜಿನ್ ತಿರುಗದಿದ್ದರೆ ಮೊದಲು ಬ್ಯಾಟರಿಯನ್ನೂ ಅದರ ತಂತಿಗಳ ತುದಿಯನ್ನೂ ನೋಡಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಇಂಧನ, ಕಿಡಿ ಇವೆರಡರ ಕಡೆ ತಿರುಗಬೇಕು. ಹೊಗೆಯೂ ಮಾತಾಡುತ್ತದೆ: ಪೆಟ್ರೋಲು ಕಾರಿನ ಹೊಗೆ ಕಪ್ಪಾದರೆ ಇಂಧನ ಅತಿಯಾಗಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ತಣಿಸುವ ನೀರು ಸಿಲಿಂಡರಿಗೆ ನುಗ್ಗುತ್ತಿರಬಹುದು. ಮನೆಯಲ್ಲಿ ಕಾರಿರುವ ಹುಡುಗ ಹುಡುಗಿಯರು ದೊಡ್ಡವರ ಜೊತೆಯಲ್ಲಿ ನಿಂತು ಇಷ್ಟನ್ನು ಗಮನಿಸಬಹುದು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸುವುದಂತೂ ಸಲ್ಲದು. ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಿದೆ.

ಬೆರ್ತಾಳ ಉಳಿದ ಬಾಳನ್ನು ಬೇಗನೆ ಹೇಳಬಹುದು. 1890ರಲ್ಲಿ ಐದನೆಯ ಮಗು ಹುಟ್ಟಿತು. 1903ರಲ್ಲಿ ಕಾರ್ಲ್ ಕಂಪೆನಿಯ ಆಡಳಿತದಿಂದ ಹೊರಬಂದನು. ಕುಟುಂಬ ಲಾಡೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ನೆಲೆಸಿತು. 1906ರಲ್ಲಿ ಅಲ್ಲಿ ಮಕ್ಕಳ ಜೊತೆ ಬೇರೆ ಕಾರ್ಖಾನೆ ಆರಂಭವಾಯಿತು. 1925ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕಾರ್ಲ್, ಎಲ್ಲರೂ ಕೈಬಿಟ್ಟ ದಿನಗಳಲ್ಲಿ ಜೊತೆಗೆ ನಿಂತವಳು ಹೆಂಡತಿಯೊಬ್ಬಳೇ ಎಂದು ಮನಸಾರೆ ನೆನೆದಿದ್ದಾನೆ. 1926ರಲ್ಲಿ ಬೆಂಜ್ ಕಂಪೆನಿಯೂ ಡೈಮ್ಲರ್ ಕಂಪೆನಿಯೂ ಒಂದಾದವು. 1929ರ ಏಪ್ರಿಲ್ 4ರಂದು ಕಾರ್ಲ್ ತೀರಿಕೊಂಡನು. ಬೆರ್ತಾ ಮತ್ತೆ ಹದಿನೈದು ವರ್ಷ ಬದುಕಿದ್ದಳು.

1944ರ ಮೇ 3ರಂದು ಆಕೆಗೆ 95 ವರ್ಷ ತುಂಬಿತು. ಗಂಡ ಓದಿದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯವು, ಆಕೆಯ ಎಳವೆಯಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಬಿಡದಿದ್ದ ಅದೇ ವಿದ್ಯಾಲಯವು, ಆಕೆಗೆ ಗೌರವ ಸೆನೆಟರ್ ಪದವಿಯನ್ನು ನೀಡಿತು. ಎರಡು ದಿನಗಳ ಬಳಿಕ, ಮೇ 5ರಂದು, ಲಾಡೆನ್‌ಬುರ್ಗಿನ ಮನೆಯಲ್ಲಿ ಬೆರ್ತಾ ಕಣ್ಣು ಮುಚ್ಚಿದಳು. 2008ರಿಂದ ಮಾನ್‌ಹೈಮ್ ಫೋರ್ಜ್‌ಹೈಮ್‌ಗಳ ನಡುವೆ ಆಕೆ ಸಾಗಿದ ದಾರಿಗೆ ಆಕೆಯ ಹೆಸರಿದೆ. ಅಲ್ಲಲ್ಲಿ ಗುರುತಿನ ಫಲಕಗಳನ್ನು ನೆಟ್ಟಿದ್ದಾರೆ. ವೀಸ್‌ಲೋಖಿನ ಆ ಔಷಧದಂಗಡಿಯ ಎದುರಿಗೂ ಆಕೆಯ ಸ್ಮಾರಕವೊಂದು ನಿಂತಿದೆ.