ಕತ್ತರಿಯೇ ಕುಂಚವಾದ ಕಲಾವತಿ: ಹನ್ನಾ ಹ್ಯೋಖ್

ನಾಡಿನ ಮೇಲೆ ದುರ್ದಿನಗಳು ಕವಿದಾಗ ಕಲಾವಿದರ ಧರ್ಮವೇನೆಂಬ ಪ್ರಶ್ನೆಯು ಹೊಸದಲ್ಲ. ದೊರೆಗಳಿಗೆ ಇದಿರಾಗಿ ನಿಂತು ಸೆರೆಗೋ ದೇಶತ್ಯಾಗಕ್ಕೋ ಗುರಿಯಾದವರನ್ನು ಲೋಕವು ಕೊಂಡಾಡುತ್ತದೆ. ಅದು ಯುಕ್ತವೇ ಸರಿ. ಆದರೆ ಶತ್ರುವಿನ ನಡುವೆಯೇ ಬಾಯಿಮುಚ್ಚಿ ಬಾಳಿ, ನಾಶವಾಗಬೇಕೆಂದು ಸರಕಾರವು ಗೊತ್ತುಮಾಡಿದ್ದುದನ್ನು ಉಳಿಸಿಕೊಟ್ಟವರ ವಿಷಯದಲ್ಲಿ ನಾವು ಯಾವ ತೀರ್ಮಾನಕ್ಕೆ ಬರಬೇಕು? ಜರ್ಮನಿಯ ಚಿತ್ರಗಾರ್ತಿ ಹನ್ನಾ ಹ್ಯೋಖ್‌ಳ ಚರಿತ್ರೆಯನ್ನು ಈ ಪ್ರಶ್ನೆಗಾಗಿಯೇ ವಾಚಕರ ಮುಂದಿಡುತ್ತಿದ್ದೇವೆ.

ಆಕೆ ಹುಟ್ಟಿದ್ದು 1889ನೆಯ ನವೆಂಬರ್ 1ರಂದು, ಗೋಥಾ ಎಂಬ ಪಟ್ಟಣದಲ್ಲಿ. ಐವರು ಮಕ್ಕಳಲ್ಲಿ ಹಿರಿಯಳು. ಹದಿನೈದನೆಯ ವಯಸ್ಸಿನಲ್ಲಿ ಎಳೆಯ ತಂಗಿಯನ್ನು ಸಾಕುವುದಕ್ಕಾಗಿ ಶಾಲೆಯನ್ನು ಬಿಡಬೇಕಾಯಿತು. 1912ರಲ್ಲಿ ಮಾತ್ರವೇ ಬರ್ಲಿನ್ ನಗರಕ್ಕೆ ಹೋಗಿ ಕಲಾಭ್ಯಾಸಕ್ಕೆ ತೊಡಗುವ ಭಾಗ್ಯ ಒದಗಿತು. 1916ರಿಂದ ಹತ್ತು ವರ್ಷಕಾಲ ಉಲ್‌ಸ್ಟೈನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಕಸೂತಿ ಹೆಣಿಗೆಗಳ ಮಾದರಿಗಳನ್ನು ಬರೆದು ಜೀವನ ಸಾಗಿಸಿದಳು. ಆ ಸಂಸ್ಥೆಯ ಸಚಿತ್ರ ಪತ್ರಿಕೆಗಳೇ ಮುಂದೆ ಆಕೆಯ ಬಣ್ಣದ ಭರಣಿಗಳಾದುವು.

1918ರ ಬೇಸಗೆಯಲ್ಲಿ ಆಕೆಯೂ ಸಂಗಾತಿಯಾದ ರಾವುಲ್ ಹೌಸ್‌ಮನ್ನನೂ ಬಾಲ್ಟಿಕ್ ಕರಾವಳಿಯ ಒಂದು ಹಳ್ಳಿಯಲ್ಲಿ ತಂಗಿದ್ದರು. ಅಲ್ಲಿಯ ಮನೆಗಳ ಗೋಡೆಯ ಮೇಲೆ ಯುದ್ಧಕ್ಕೆ ಹೋದವರ ಸ್ಮಾರಕಚಿತ್ರಗಳು ತೂಗುತ್ತಿದ್ದುವು. ಅಚ್ಚಾದ ಸೈನಿಕನ ಮೈಗೆ ಮನೆಯ ಮಗನ ಭಾವಚಿತ್ರದ ತಲೆಯನ್ನು ಕತ್ತರಿಸಿ ಅಂಟಿಸುವುದು ಆ ಚಿತ್ರಗಳ ಪದ್ಧತಿ. ಯಾವ ಯಂತ್ರವು ಲಕ್ಷಾಂತರ ತರುಣರನ್ನು ಒಂದೇ ಅಚ್ಚಿಗೆ ಎರೆದು ಮೃತ್ಯುವಿಗೆ ಒಪ್ಪಿಸಿತೋ ಅದರ ಗುಟ್ಟು ಆ ಹಾಳೆಯಲ್ಲಿಯೇ ಇದ್ದಿತು. ಭಾವಚಿತ್ರಗಳ ತುಂಡುಗಳನ್ನು ಜೋಡಿಸುವ ಫೋಟೋಮೊಂಟಾಜ್ ಕಲೆಗೆ ಅವರಿಬ್ಬರು ಕೈಹಾಕಿದುದು ಹೀಗೆ.

ಸೋತ ಜರ್ಮನಿಯಲ್ಲಿ ಆಗ ಚಕ್ರವರ್ತಿಯ ಪೀಠವು ಉರುಳಿ, ಬೀದಿಗಳಲ್ಲಿ ಗುಂಡಿನ ಸದ್ದು ಕೇಳುತ್ತಿದ್ದಿತು. ಹಳೆಯ ಮರ್ಯಾದೆಗಳನ್ನೆಲ್ಲ ಅಣಕಿಸುವ ದಾದಾ ಎಂಬ ಕಲಾವಿದರ ಕೂಟವು 1920ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಿತು. ಕ್ರಾಂತಿಯ ಮಾತನ್ನಾಡುತ್ತಿದ್ದ ಆ ಗಂಡಸರಲ್ಲಿ ಗ್ರೋಸ್, ಹಾರ್ಟ್‌ಫೀಲ್ಡ್ ಎಂಬಿಬ್ಬರು ಹೆಂಗಸಿನ ಚಿತ್ರಗಳನ್ನು ಸೇರಿಸಲೊಪ್ಪಲಿಲ್ಲ. ತಾನೂ ಹೊರಗುಳಿಯುವೆನೆಂದು ಹೌಸ್‌ಮನ್ ಹಟಹಿಡಿದ ಮೇಲೆ ಒಪ್ಪಿದರು. ಆಕೆ ಅಲ್ಲಿಟ್ಟ ಚಿತ್ರವು 114 ಸೆಂಟಿಮೀಟರ್ ಎತ್ತರದ್ದು. ಅದರ ಹೆಸರಿನಲ್ಲಿಯೇ ಅಡಿಗೆಮನೆಯ ಚೂರಿ ಸೇರಿದೆ. ಕೈಸರನ ಮೀಸೆಯ ಸ್ಥಳದಲ್ಲಿ ಇಬ್ಬರು ಜಟ್ಟಿಗಳು. ಸೇನಾಪತಿ ಹಿಂಡೆನ್‌ಬರ್ಗನ ತಲೆಗೆ ನರ್ತಕಿಯ ಮೈ. ಐನ್‌ಸ್ಟೈನ್, ಲೆನಿನ್ ಮೊದಲಾದವರು ಚಕ್ರಗಳ ನಡುವೆ ಚದುರಿದ್ದಾರೆ. ಕೆಳಗಿನ ಮೂಲೆಯಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತ ಯುರೋಪಿನ ದೇಶಗಳ ನಕಾಶೆ, ಅದರ ಬದಿಯಲ್ಲಿ ಆಕೆಯದೇ ಪುಟ್ಟ ಮುಖ. ಜರ್ಮನಿಯ ಸ್ತ್ರೀಯರು ಮೊತ್ತಮೊದಲು ಮತ ನೀಡಿದುದು 1919ರ ಜನವರಿಯಲ್ಲಿ ಎಂಬುದನ್ನು ನೆನೆದರೆ ಆ ಮೂಲೆಯ ಅರ್ಥವು ಸ್ಪಷ್ಟವಾಗುವುದು.

ಹೊರಗಿನ ಕ್ಷೋಭೆಯಂತೆಯೇ ಒಳಗಿನದೂ ಇದ್ದಿತು. ಹೌಸ್‌ಮನ್ ವಿವಾಹಿತನು. ಸ್ತ್ರೀಸ್ವಾತಂತ್ರ್ಯವನ್ನು ಸಾರುತ್ತಿದ್ದ ಆತನು ಹೆಂಡತಿಯನ್ನು ಬಿಡಲಿಲ್ಲ, ಇವಳನ್ನೂ ಬಿಡಲಿಲ್ಲ. ಆಕೆ ಎರಡು ಬಾರಿ ಗರ್ಭವನ್ನು ತೆಗೆಯಿಸಿಕೊಂಡಳು. 1922ರಲ್ಲಿ ಆ ಸಂಬಂಧವನ್ನೇ ಕಡಿದುಕೊಂಡಳು. ಅನಂತರ ಡಚ್ ಲೇಖಕಿ ಟಿಲ್ ಬ್ರುಗ್ಮನ್ನಳೊಡನೆ ಸುಮಾರು ಒಂಬತ್ತು ವರ್ಷ ಬಾಳಿದಳು. ಈ ಅವಧಿಯ ಚಿತ್ರಮಾಲೆಯೊಂದರಲ್ಲಿ ಪರದೇಶಗಳ ವಿಗ್ರಹಗಳ ತಲೆಗಳು ಯುರೋಪಿನ ಹೆಂಗಸರ ದೇಹಗಳಿಗೆ ಕೂಡಿ, ವಸ್ತುಸಂಗ್ರಹಾಲಯದ ಪೀಠಗಳ ಮೇಲೆ ನಿಲ್ಲುತ್ತವೆ. ಪರಾಧೀನ ಜನಾಂಗವನ್ನೂ ಸ್ವಂತ ಮನೆಯ ಸ್ತ್ರೀಯನ್ನೂ ಒಂದೇ ಬಗೆಯಾಗಿ ನೋಟದ ವಸ್ತುವನ್ನಾಗಿ ಮಾಡುವ ಕಣ್ಣನ್ನು ಆಕೆ ಹೀಗೆ ಬಯಲಿಗೆಳೆದಳೆಂದು ನಮ್ಮ ಅಭಿಪ್ರಾಯ.

1932ರಲ್ಲಿ ದೆಸ್ಸಾವಿನ ಬೌಹೌಸ್ ಶಾಲೆಯಲ್ಲಿ ಆಕೆಯ ಪ್ರದರ್ಶನವು ನಡೆಯಬೇಕಾಗಿದ್ದಿತು. ಸ್ಥಳೀಯ ಅಧಿಕಾರವು ನಾಜಿಗಳ ವಶವಾಗಿ ಶಾಲೆಗೇ ಬೀಗ ಬಿದ್ದುದರಿಂದ ಅದು ನಿಂತುಹೋಯಿತು. 1933ರಲ್ಲಿ ಹಾರ್ಟ್‌ಫೀಲ್ಡ್ ಪ್ರಾಗ್ ನಗರಕ್ಕೆ ತಪ್ಪಿಸಿಕೊಂಡನು. ಹೌಸ್‌ಮನ್ ಸಹ ದೇಶವನ್ನು ಬಿಟ್ಟನು. 1937ರಲ್ಲಿ ನಾಜಿ ಲೇಖಕನೊಬ್ಬನು ಕಲೆಯ ಶುದ್ಧೀಕರಣವನ್ನು ಕುರಿತು ಬರೆದ ಗ್ರಂಥದಲ್ಲಿ ಆಕೆಯ ಹೆಸರನ್ನೂ ದೂಷಿತರ ಪಟ್ಟಿಗೆ ಸೇರಿಸಿದನು. ಹೀಗಿದ್ದೂ ಆಕೆ ಹೊರಡಲಿಲ್ಲ. 1939ರಲ್ಲಿ ಬರ್ಲಿನ್ನಿನ ಉತ್ತರದ ಅಂಚಿನ ಹೈಲಿಗೆನ್‌ಸೇ ಎಂಬಲ್ಲಿ, ಯಾರೂ ತನ್ನ ಗುರುತು ಹಿಡಿಯದ ಕಡೆ, ಒಂದು ಪುಟ್ಟ ಮನೆಯನ್ನು ಕೊಂಡಳು. ಕೈಹಿಡಿದ ಪತಿಯು 1942ರಲ್ಲಿ ಬಿಟ್ಟುಹೋದ ಮೇಲೆ ಒಂಟಿಯಾಗಿ, ತೋಟದಲ್ಲಿ ಬೆಳೆದುದನ್ನು ಉಂಡು ದಿನ ಕಳೆದಳು. ಆ ಮನೆಯಲ್ಲೂ ತೋಟದ ಮಣ್ಣಿನಲ್ಲೂ ತನ್ನ ಚಿತ್ರಗಳನ್ನಷ್ಟೇ ಅಲ್ಲ, ಹೌಸ್‌ಮನ್ ಮೊದಲಾದ ಗೆಳೆಯರ ಕೃತಿಗಳನ್ನೂ ಪತ್ರಗಳನ್ನೂ ಬಚ್ಚಿಟ್ಟಿದ್ದಳು. ಅವು ಕೈಗೆ ಸಿಕ್ಕಿದ್ದರೆ ಆಕೆಯ ತಲೆಗೇ ಅಪಾಯವಿದ್ದಿತು.

ಮೌನವು ಸರ್ವಕಾಲಕ್ಕೂ ಸದ್ಗುಣವೆಂದು ನಾವು ಹೇಳಲಾರೆವು. ಹೇಡಿತನವು ಅನೇಕ ವೇಳೆ ಅದೇ ವೇಷವನ್ನು ತೊಡುತ್ತದೆ. ಎರಡನ್ನೂ ಬೇರ್ಪಡಿಸುವ ಒರೆಗಲ್ಲು ಒಂದೇ: ಮೌನಿಯ ಮನೆಯಲ್ಲಿ ಏನು ಅಡಗಿದೆಯೆಂಬುದು. ತನ್ನನ್ನು ಒಲ್ಲದ ಕೂಟದ ಕೃತಿಗಳನ್ನೂ ತನ್ನನ್ನು ನೋಯಿಸಿದವನ ಕೃತಿಗಳನ್ನೂ ಆಕೆ ಪ್ರಾಣದ ಹಂಗು ತೊರೆದು ಕಾದಳು. ಬರ್ಲಿನ್ನಿನ ದಾದಾ ಕಲಾವಿದರನ್ನು ಕುರಿತು ಮುಂದಿನವರು ತಿಳಿದುಕೊಂಡುದರಲ್ಲಿ ದೊಡ್ಡ ಪಾಲು ಆ ತೋಟದ ಮನೆಯಿಂದ ಬಂದುದು.

ಮನ್ನಣೆಯು ತಡವಾಗಿ ಬಂದಿತು. 1976ರಲ್ಲಿ ಪ್ಯಾರಿಸ್ ಮತ್ತು ಬರ್ಲಿನ್ ನಗರಗಳು ಆಕೆಯ ಜೀವಮಾನದ ಕೃತಿಗಳನ್ನು ಪ್ರದರ್ಶಿಸಿದುವು. ಅದಕ್ಕೆ ಮುಂಚೆ, ಎಂಬತ್ತು ದಾಟಿದ ಮೇಲೆ, ಆಕೆ ತನ್ನವೇ ಭಾವಚಿತ್ರಗಳನ್ನು ಕತ್ತರಿಸಿ ತನ್ನ ಬಾಳನ್ನೇ ಒಂದು ಹಲಗೆಯ ಮೇಲೆ ಜೋಡಿಸಿದ್ದಳು. 1978ನೆಯ ಮೇ 31ರಂದು, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿಯೇ ತೀರಿಕೊಂಡಳು. ಆಕೆ ಕಾಪಾಡಿದ ಕಾಗದಪತ್ರಗಳು ಮರುವರ್ಷವೇ ಆ ನಗರದ ಸಾರ್ವಜನಿಕ ಚಿತ್ರಶಾಲೆಗೆ ಸೇರಿದುವು. ತನ್ನ ಕಾಲದ ಸಾಕ್ಷ್ಯವನ್ನು ಬೂದಿಯಾಗಗೊಡದವರಿಗೆ ಜನಾಂಗವು ತೀರಿಸಬೇಕಾದ ಋಣವು ಸಣ್ಣದಲ್ಲ.